ನಮ್ಮ ಚಟ್ನಿ ಪುಡಿಗೆ ನಮ್ಮದೇ ಬಾರ್‌ಕೋಡ್

ಕೊಪ್ಪಳದಲ್ಲಿ ನಮ್ಮ ಅಕ್ಕ ಶೇಂಗಾ ಚಟ್ನಿ ಪುಡಿ ಮಾಡಿ ಮಾರುತ್ತಾಳೆ. ಜೊತೆಗೆ ಅಗಸಿ ಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ. ಗವಿಮಠದ ಜಾತ್ರೆಯಲ್ಲಿ, ಓಣಿಯ ಕಿರಾಣಿ ಅಂಗಡಿಗಳಲ್ಲಿ ವ್ಯಾಪಾರ ಚೆನ್ನಾಗಿಯೇ ಇತ್ತು. ಗಂಗಾವತಿಯ ಒಂದು ಸೂಪರ್ ಮಾರ್ಕೆಟ್‌ಗೆ ಸ್ಯಾಂಪಲ್ ಒಯ್ದಾಗ ಅವರು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು ಖುಷಿಯಿಂದ ತಲೆ ಆಡಿಸಿದರು. ಆಮೇಲೆ ಪಾಕೆಟ್ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಬಾರ್‌ಕೋಡ್ ಹಾಕಿಸಿಕೊಂಡು ಬನ್ನಿ’ ಅಂದರು.

ಅಲ್ಲಿಂದ ಶುರುವಾದ ಓಡಾಟದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ರಾಯಚೂರು, ಬಳ್ಳಾರಿ ಕಡೆಯೂ ಮನೆಯಲ್ಲೇ ಉದ್ಯಮ ನಡೆಸುವವರು ತುಂಬಾ ಜನ ಇದ್ದಾರೆ. ನಾವು ಕಳೆದುಕೊಂಡ ದುಡ್ಡನ್ನು ಅವರು ಉಳಿಸಿಕೊಳ್ಳಲಿ.

ಎಲ್ಲರಿಗೂ ಬೇಕಾ?

ಬೇಡ. ನಮ್ಮಂಥವರ ಸರಕಿಗೆ ಬಾರ್‌ಕೋಡ್ ಹಾಕಲೇಬೇಕು ಎಂಬ ಕಾನೂನು ಇಲ್ಲ. ಸಂತೆ, ಜಾತ್ರೆ, ಕಿರಾಣಿ ಅಂಗಡಿಯಲ್ಲಷ್ಟೇ ಮಾರುವವರು ಸುಮ್ನೆ ಖರ್ಚು ಮಾಡಬೇಡಿ. ಕಂಪ್ಯೂಟರ್ ಬಿಲ್ ಹಾಕುವ ದೊಡ್ಡ ಅಂಗಡಿಗೆ ಅಥವಾ ಆನ್‌ಲೈನ್‌ಗೆ ಹೋಗುವಾಗ ಮಾತ್ರ ಇದು ಬೇಕಾಗುತ್ತದೆ. ಕಾನೂನು ಕೇಳುವುದು ಬೇರೆ: ತಿನ್ನುವ ಸರಕಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ಜೊತೆಗೆ ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ, ತಯಾರಿಸಿದ ತಿಂಗಳು-ವರ್ಷ, ದೂರು ಹೇಳಲು ಫೋನ್ ನಂಬರ್. ಇವು ಮೊದಲು ಸರಿಯಾಗಲಿ.

ಗೆರೆಯ ಕೆಳಗಿನ ನಂಬರ್

ಎಲ್ಲರೂ ಗೆರೆಗಳನ್ನೇ ಬಾರ್‌ಕೋಡ್ ಅಂದುಕೊಳ್ಳುತ್ತಾರೆ. ನಿಜವಾಗಿ ಬೆಲೆ ಇರುವುದು ಅದರ ಕೆಳಗಿನ 13 ಅಂಕಿಗಳಿಗೆ. ಗೆರೆ ಅಂದರೆ ಆ ಅಂಕಿಗಳನ್ನು ಮಷಿನ್ ಓದುವ ಹಾಗೆ ಬರೆದ ಲಿಪಿ, ಅಷ್ಟೇ. ಅದರಲ್ಲಿ ಬೆಲೆಯೂ ಇಲ್ಲ, ಹೆಸರೂ ಇಲ್ಲ. ಅಂಗಡಿಯ ಕಂಪ್ಯೂಟರ್ ಆ ನಂಬರ್ ಹಿಡಿದು ತನ್ನ ಪಟ್ಟಿಯಲ್ಲಿ ಬೆಲೆ ಹುಡುಕುತ್ತದೆ.

ಉದಾಹರಣೆಗೆ 8901234567890 ನೋಡಿ. ಮೊದಲ ಮೂರು ಅಂಕಿ 890 ಅಂದರೆ ನಂಬರ್ ಭಾರತದಲ್ಲಿ ಪಡೆದದ್ದು. ಸರಕು ಭಾರತದಲ್ಲೇ ತಯಾರಾಯಿತು ಎಂದು ಅರ್ಥವಲ್ಲ. ನಂತರ ನಿಮ್ಮ ಸಂಸ್ಥೆಯ ಅಂಕಿಗಳು, ಆಮೇಲೆ ಸರಕಿನ ಅಂಕಿಗಳು. ಕೊನೆಯದು ತಪ್ಪು ಹಿಡಿಯುವ ಅಂಕಿ. ಅದನ್ನು ಪಕ್ಕಕ್ಕಿಟ್ಟು ಎಡದಿಂದ ಒಂದು ಬಿಟ್ಟು ಒಂದು ಕೂಡಿ: 8, 0, 2, 4, 6, 8 ಸೇರಿ 28. ಉಳಿದ 9, 1, 3, 5, 7, 9 ಸೇರಿ 34, ಇದನ್ನು ಮೂರರಿಂದ ಗುಣಿಸಿದರೆ 102. ಎರಡೂ ಸೇರಿ 130. ಮುಂದಿನ ಹತ್ತಕ್ಕೆ ಏನೂ ಕಡಿಮೆ ಇಲ್ಲ, ಹಾಗಾಗಿ ಕೊನೆಯ ಅಂಕಿ 0. ಕೈಯಿಂದ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಕೂಡುವುದಿಲ್ಲ, ಮಷಿನ್ ಅಲ್ಲೇ ತಡೆಯುತ್ತದೆ.

ಎಷ್ಟು ನಂಬರ್ ಬೇಕು, ಎಲ್ಲಿ ಸಿಗುತ್ತದೆ

ಅರ್ಜಿ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಸರಕಿಗೆ ಒಂದಲ್ಲ, ಸರಕಿನ ಪ್ರತಿ ಸೈಜಿಗೂ ಒಂದು ನಂಬರ್. ಅಕ್ಕನ ಮೂರು ಪುಡಿ, ತಲಾ 100, 200, 500 ಗ್ರಾಂ ಪಾಕೆಟ್: ಒಂಬತ್ತು. ರೊಟ್ಟಿ ಹತ್ತರ ಕಟ್ಟು, ಇಪ್ಪತ್ತರ ಕಟ್ಟು: ಇನ್ನೆರಡು. ಒಟ್ಟು ಹನ್ನೊಂದು. ಬಳ್ಳಾರಿಯ ಜೀನ್ಸ್ ಹೊಲಿಯುವವರ ಲೆಕ್ಕ ಬೇರೆ. ಒಂದೇ ಡಿಸೈನ್, 28ರಿಂದ 38ರವರೆಗೆ ಆರು ಸೈಜು, ಮೂರು ಬಣ್ಣ ಅಂದರೆ 18 ನಂಬರ್. ಆರನೇ ಡಿಸೈನ್‌ಗೆ ನೂರು ದಾಟಿಬಿಡುತ್ತದೆ! ತಮ್ಮದೇ ಬ್ರ್ಯಾಂಡ್ ಮಾಡಬೇಕು ಅನ್ನುವ ಜೀನ್ಸ್‌ನವರು ಮೊದಲೇ ಜಾಸ್ತಿ ನಂಬರ್ ಕೇಳುವುದು ಒಳ್ಳೆಯದು.

ನಂಬರ್ ಕೊಡುವುದು ಜಿಎಸ್‌-1 ಇಂಡಿಯಾ ಎಂಬ ಸಂಸ್ಥೆ. ಕೇಂದ್ರ ವಾಣಿಜ್ಯ ಸಚಿವಾಲಯ ಉದ್ಯಮ ಸಂಘಗಳ ಜೊತೆ ಸೇರಿ ಕಟ್ಟಿದ್ದು, ಕಚೇರಿ ದೆಹಲಿಯಲ್ಲಿದೆ. ಕೆಲಸವೆಲ್ಲ ಆನ್‌ಲೈನ್. ಸಾಮಾನ್ಯವಾಗಿ ಪ್ಯಾನ್, ಜಿಎಸ್‌ಟಿ ಪತ್ರ, ರದ್ದು ಮಾಡಿದ ಚೆಕ್, ಸಂಸ್ಥೆಯ ದಾಖಲೆ ಕೇಳುತ್ತಾರೆ. ಶುಲ್ಕ ನಿಮ್ಮ ವಹಿವಾಟು ಮತ್ತು ನಂಬರ್‌ಗಳ ಸಂಖ್ಯೆಯ ಮೇಲೆ ನಿಂತಿದೆ, ಅವಧಿ ಮುಗಿದ ಮೇಲೆ ನವೀಕರಿಸಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಗಳಿಗೆ ಈ ಶುಲ್ಕದ ಒಂದು ಪಾಲನ್ನು ವಾಪಸ್ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ನಡೆಸಿದೆ. ದುಡ್ಡು ಕಟ್ಟುವ ಮುಂಚೆಯೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಬಾರ್‌ಕೋಡ್ ಮಾರುವವರೂ ಇದ್ದಾರೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಗೆರೆ ಎಳೆದುಕೊಡುವ ಉಚಿತ ಸಾಫ್ಟ್‌ವೇರ್‌ಗಳೇ ಬೇಕಾದಷ್ಟಿವೆ, ಆದರೆ ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯ. ದೊಡ್ಡ ಆನ್‌ಲೈನ್ ಮಳಿಗೆಗಳು ಅದನ್ನು ಜಿಎಸ್‌-1 ದಾಖಲೆಯಲ್ಲಿ ತಾಳೆ ನೋಡುತ್ತವೆ. ಬೇರೆಯವರ ಹೆಸರು ಬಂದರೆ ನಿಮ್ಮ ಸರಕು ಪಟ್ಟಿಯಿಂದ ಹೊರಗೆ ಬೀಳಬಹುದು.

ಪ್ರಿಂಟ್: ನಾವು ಎಡವಿದ ಜಾಗ

ನಂಬರ್ ಕೈಗೆ ಬಂದ ಖುಷಿಯಲ್ಲಿ ಎರಡು ಸಾವಿರ ಪಾಕೆಟ್ ಒಂದೇ ಸಲ ಪ್ರಿಂಟ್ ಮಾಡಿಸಿದೆವು. ಕೆನೆ ಬಣ್ಣದ ಪಾಕೆಟ್, ಕುಂಕುಮಗೆಂಪು ಅಕ್ಷರ. ಚೆಂದ ಕಾಣಲಿ ಎಂದು ಗೆರೆಗಳೂ ಅದೇ ಬಣ್ಣ. ಮನೆಯಲ್ಲಿ ನನ್ನ ಫೋನ್ ಟಕ್ಕನೆ ಓದಿತು. ಅಂಗಡಿಯ ಕೌಂಟರ್‌ನಲ್ಲಿ ಹುಡುಗ ಸ್ಕ್ಯಾನರ್ ಹಿಡಿದ, ಪಾಕೆಟ್ ಸರಿಸಿದ, ಒರೆಸಿದ, ಮತ್ತೆ ಹಿಡಿದ. ಒಂದು ಬೀಪ್ ಬರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಅಂಗಡಿಗಳ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಕೆಂಪು ಬೆಳಕು ಬಿಡುತ್ತವೆ. ಕೆಂಪು ಬೆಳಕಿನಲ್ಲಿ ಕೆಂಪು ಗೆರೆ ಬಿಳಿಯ ಹಾಗೇ ಕಾಣುತ್ತದೆ, ಮಷಿನ್‌ಗೆ ಅಲ್ಲಿ ಗೆರೆಯೇ ಇಲ್ಲ. ಫೋನ್ ಕ್ಯಾಮೆರಾ ಎಲ್ಲ ಬಣ್ಣವನ್ನೂ ನೋಡುವುದರಿಂದ ಓದಿತ್ತು. ಬಿಳಿಯ ಮೇಲೆ ಕಪ್ಪು ಗೆರೆಗಿಂತ ಒಳ್ಳೆಯದು ಯಾವುದೂ ಇಲ್ಲ.

ಅಳತೆಯಲ್ಲೂ ಜಿಪುಣತನ ಬೇಡ. ಪೂರ್ತಿ ಸೈಜಿನ ಬಾರ್‌ಕೋಡ್ ಸುಮಾರು 37 ಮಿ.ಮೀ. ಅಗಲ, 26 ಮಿ.ಮೀ. ಎತ್ತರ. ಇದನ್ನು ಶೇ 80ರವರೆಗೆ, ಅಂದರೆ ಸುಮಾರು 30 ಮಿ.ಮೀ. ಅಗಲಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಎರಡೂ ಬದಿಯ ಖಾಲಿ ಜಾಗ ಈ ಅಗಲದಲ್ಲೇ ಸೇರಿದೆ. ಪೂರ್ತಿ ಸೈಜಿನಲ್ಲಿ ಎಡಕ್ಕೆ 3.6, ಬಲಕ್ಕೆ 2.3 ಮಿ.ಮೀ. ಬಿಡಬೇಕು. ಡಿಸೈನ್ ಮಾಡುವವರು ಆ ಜಾಗದಲ್ಲಿ ಹೂವು ಬಳ್ಳಿ ತುಂಬಿದರೆ ಒಪ್ಪಬೇಡಿ, ಗೆರೆ ಎಲ್ಲಿ ಶುರುವಾಯಿತು ಎಂದು ಸ್ಕ್ಯಾನರ್‌ಗೆ ತಿಳಿಯುವುದು ಅದರಿಂದಲೇ. ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಮಾಡಿ ಕಳಿಸಿದರೆ ಗೆರೆಯ ಅಂಚು ಮಸುಕಾಗುತ್ತದೆ. ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಪಾಕೆಟ್‌ನ ಮಡಿಕೆ, ಸೀಲ್ ಮೇಲೆ ಬಾರ್‌ಕೋಡ್ ಬೀಳಬಾರದು. ಸಣ್ಣ ದುಂಡು ಬಾಟಲಿಯಾದರೆ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಬರಲಿ. ಮನೆಯಲ್ಲೇ ಲೇಬಲ್ ಪ್ರಿಂಟ್ ಮಾಡುವವರು ರಿಬ್ಬನ್ ಹಾಕುವ ಪ್ರಿಂಟರ್ ಕೊಳ್ಳಿ. ಬಸ್ ಟಿಕೆಟ್ ತರಹದ ಥರ್ಮಲ್ ಕಾಗದ ಶಾಖಕ್ಕೆ ಕಪ್ಪಾಗುತ್ತದೆ, ಎಣ್ಣೆ ತಾಗಿದರೆ ಮಾಸುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು, ಶೇಂಗಾ ಎಣ್ಣೆ ಎರಡೂ ನಿಮಗೆ ಗೊತ್ತಲ್ವಾ?

ಸಾವಿರಗಟ್ಟಲೆ ಪ್ರಿಂಟ್ ಮಾಡಿಸುವ ಮೊದಲು ಹತ್ತು ಪಾಕೆಟ್ ತೆಗೆಸಿ, ಪುಡಿ ತುಂಬಿ, ಸೀಲ್ ಹಾಕಿ, ಎರಡು ಅಂಗಡಿಯ ಕೌಂಟರ್‌ನಲ್ಲಿ ಓದಿಸಿ ನೋಡಿ.

ಅಂಗಡಿಗೆ ಪಟ್ಟಿ, ಮನೆಯಲ್ಲಿ ಲೆಡ್ಜರ್

ಸರಕಿನ ಜೊತೆ ಪಟ್ಟಿಯೂ ಹೋಗಬೇಕು: ನಂಬರ್, ಹೆಸರು, ತೂಕ, ಎಂಆರ್‌ಪಿ, ಜಿಎಸ್‌ಟಿ ವಿವರ, ಒಂದು ಫೋಟೊ. ಬೆಲೆ ಬದಲಾದರೆ ಅಂಗಡಿಗೆ ಮುಂಚೆಯೇ ತಿಳಿಸಿ. ಇಲ್ಲದಿದ್ದರೆ ಪಾಕೆಟ್ ಮೇಲೊಂದು, ಬಿಲ್‌ನಲ್ಲೊಂದು ಬೆಲೆ ಬಂದು ಜಗಳವಾಗುತ್ತದೆ.

ಬ್ಯಾಚ್, ತಾರೀಖು ಬದಲಾದರೆ ಹೊಸ ನಂಬರ್ ಬೇಡ. ತೂಕ ಬದಲಾದರೆ, ಹೊಸ ರುಚಿ ಬಂದರೆ ಬೇಕು. ನಿಂತುಹೋದ ಸರಕಿನ ನಂಬರನ್ನು ಇನ್ನೊಂದಕ್ಕೆ ಹಾಕಬಾರದು. ಹಳೇ ಪಟ್ಟಿ ಯಾವುದೋ ಅಂಗಡಿಯ ಕಂಪ್ಯೂಟರ್‌ನಲ್ಲಿ ಹಾಗೇ ಉಳಿದಿರುತ್ತದೆ. ಅಕ್ಕ ಇದಕ್ಕೆಂದೇ ಒಂದು ಕೆಂಪು ಬೈಂಡಿನ ಲೆಡ್ಜರ್ ಇಟ್ಟಿದ್ದಾಳೆ. ಅದರ ಏಳನೇ ಸಾಲಿನಲ್ಲಿ ‘ಗುರೆಳ್ಳು 500 ಗ್ರಾಂ’ ಎಂದಿದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ‘ನಿಲ್ಲಿಸಿದೆ. ಈ ನಂಬರ್ ಯಾವುದಕ್ಕೂ ಹಾಕಬಾರದು.’