ವಿಯೆನ್ನಾದ ಇಜಿಯು ಸಮ್ಮೇಳನಕ್ಕೆ ಹೊರಡುವವರಿಗೆ

ಯುರೋಪಿನ ಭೂವಿಜ್ಞಾನಿಗಳ ಸಂಘವಾದ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್, ಅಂದರೆ ಇಜಿಯು, ತನ್ನ ವಾರ್ಷಿಕ ಸಮ್ಮೇಳನವನ್ನು ಏಪ್ರಿಲ್–ಮೇ ಹೊತ್ತಿಗೆ ವಿಯೆನ್ನಾದ ಆಸ್ಟ್ರಿಯಾ ಸೆಂಟರ್‌ನಲ್ಲಿ ನಡೆಸುತ್ತದೆ. ಪ್ರಬಂಧದ ಸಾರಾಂಶ ಕಳಿಸುವ ಗಡುವು ಜನವರಿಯಲ್ಲಿ. ಅಲ್ಲಿಂದ ವಿಮಾನ ಹತ್ತುವವರೆಗೆ ಸಿಗುವುದು ಮೂರು ತಿಂಗಳು ಚಿಲ್ಲರೆ. ಎಡವಟ್ಟುಗಳು ಹುಟ್ಟಿಕೊಳ್ಳುವುದು ಹೆಚ್ಚಾಗಿ ಈ ಅವಧಿಯಲ್ಲೇ.

ಮೊದಲು ಹೆಸರಿನ ವಿಚಾರ. ನಮ್ಮವರು ಪ್ರಬಂಧದಲ್ಲಿ ಇನಿಷಿಯಲ್ ಹಾಕಿ ಹೆಸರು ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಕೆಲವರಿಗೆ ಸರ್‌ನೇಮ್ ಕಾಲಂ ಖಾಲಿ. ಆಹ್ವಾನ ಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ವೀಸಾ ಅಧಿಕಾರಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯುವುದು ಹೇಗೆ? ಸಮ್ಮೇಳನದ ನೋಂದಣಿ, ವಿಮೆ, ಹೋಟೆಲ್, ಟಿಕೆಟ್ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಕೊಡಿ. ಲೇಖಕರ ಪಟ್ಟಿಯಲ್ಲಿ ಇನಿಷಿಯಲ್ ಇದ್ದರೆ, ಎರಡೂ ಒಬ್ಬರದೇ ಹೆಸರು ಎಂದು ನಿಮ್ಮ ವಿಭಾಗದ ಎನ್‌ಒಸಿಯಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಆಸ್ಟ್ರಿಯಾಕ್ಕೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ. ಅದಕ್ಕೆ ಪ್ರಯಾಣದ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಮಿತಿ 15 ದಿನ. ಆ ಮಿತಿಯನ್ನು ನಂಬಿ ಕೂರಬೇಡಿ. ತೀರ್ಮಾನಕ್ಕೆ ಮಾಮೂಲು 15 ದಿನ, ಹೆಚ್ಚಿನ ಪರಿಶೀಲನೆಗೆ ಹೋದರೆ 45 ದಿನದವರೆಗೂ ಎಳೆಯಬಹುದು. ಪಾಸ್‌ಪೋರ್ಟ್ ದೆಹಲಿಯ ರಾಯಭಾರ ಕಚೇರಿಗೆ ಹೋಗಿ ಬರುವ ಕೊರಿಯರ್ ದಿನಗಳು ಬೇರೆ. ಹಾಗಾಗಿ ನೋಂದಣಿ ತೆರೆದ ಕೂಡಲೇ ಶುಲ್ಕ ಕಟ್ಟಿ, ಆಹ್ವಾನ ಪತ್ರ ತರಿಸಿಕೊಂಡು, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಸ್ಲಾಟ್ ಹಿಡಿಯಿರಿ. ಮಾರ್ಚ್ ಬಂದರೆ ಸ್ಲಾಟ್‌ಗೇ ಪರದಾಟ.

ಅರ್ಜಿ ಶುಲ್ಕ 90 ಯೂರೋ, ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ವೀಸಾ ಸಿಗದಿದ್ದರೂ ಹಣ ವಾಪಸಿಲ್ಲ. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ನೀವು ಯುರೋಪ್ ಬಿಟ್ಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು. ಬ್ಯಾಂಕ್ ಸ್ಟೇಟ್‌ಮೆಂಟಿಗೆ ಶಾಖೆಯ ಸೀಲು, ಸಹಿ ಹಾಕಿಸಿ. ಫೆಲೋಶಿಪ್ ತಡವಾಗಿ ಬರುವ ಸಂಶೋಧಕರ ಖಾತೆಯಲ್ಲಿ ಅರ್ಜಿಗೆ ಎರಡು ದಿನ ಮುಂಚೆ ಯಾರೋ ಒಂದೂವರೆ ಲಕ್ಷ ಹಾಕಿದ್ದರೆ ಅನುಮಾನ ಬರುವುದು ಸಹಜ. ಖರ್ಚು ಮನೆಯವರದ್ದಾದರೆ ಅವರ ಪತ್ರ, ಅವರ ಸ್ಟೇಟ್‌ಮೆಂಟ್ ಇಡಿ. ಅನುದಾನವಾದರೆ ಮಂಜೂರಾತಿ ಪತ್ರ ಇಡಿ. ಸಮ್ಮೇಳನ ಮುಗಿಸಿ ಲಂಡನ್ನಿನ ಗೆಳೆಯರ ಮನೆಗೆ ಹೋಗಿ ಮತ್ತೆ ವಿಯೆನ್ನಾದಿಂದ ಹೊರಡುವ ಯೋಚನೆ ಇದ್ದರೆ ಬ್ರಿಟನ್ನಿನ ವೀಸಾ ಬೇರೆ ಬೇಕು, ಷೆಂಗೆನ್ ವೀಸಾ ಎರಡು ಪ್ರವೇಶದ್ದಾಗಿರಬೇಕು.

ಪೋಸ್ಟರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಾಲೇಜುಗಳಲ್ಲಿ ಪೋಸ್ಟರ್ ಅಂದರೆ ಉದ್ದುದ್ದ ನಿಲ್ಲಿಸಿದ ಎ0 ಹಾಳೆ, 84.1 ಸೆಂ.ಮೀ. ಅಗಲ, 118.9 ಸೆಂ.ಮೀ. ಎತ್ತರ. ಇಜಿಯು ಬೋರ್ಡ್ ಅಡ್ಡಗಲದ್ದು: 197 ಸೆಂ.ಮೀ. ಅಗಲ, 100 ಸೆಂ.ಮೀ. ಎತ್ತರ. ನಿಲ್ಲಿಸಿ ಮಾಡಿದ ಎ0 ಅಂಟಿಸಿದರೆ ಸುಮಾರು 19 ಸೆಂ.ಮೀ. ಕೆಳಗೆ ಜೋತುಬೀಳುತ್ತದೆ. ಸಾಮಾನ್ಯವಾಗಿ ನಿರ್ಣಯ, ಕ್ಯೂಆರ್ ಕೋಡ್ ಇರುವುದೂ ಅಲ್ಲೇ. ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಸ್ಲೈಡಿನ ಅಳತೆಯನ್ನು 118.9 × 84.1 ಎಂದು ಅಡ್ಡಕ್ಕೆ ಇಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ತಿರುಗಿಸಿದರೆ ಚಿತ್ರಗಳೆಲ್ಲ ಹಿಗ್ಗಿಹೋಗುತ್ತವೆ. ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಕ್ಯಾಬಿನ್ ಬ್ಯಾಗಿಗೆ ಹಾಕಬಹುದು. ವಿಮಾನ ಬದಲಿಸುವಾಗ ಪೋಸ್ಟರ್ ಸುತ್ತಿಟ್ಟ ಕೊಳವೆ ಮರೆಯುವ ಭಯವಿಲ್ಲ.

ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. ದೋಹಾ, ದುಬೈ ಮೂಲಕವಾದರೆ ವಿಯೆನ್ನಾದಲ್ಲಿ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ಗಡಿ ತಪಾಸಣೆ ವ್ಯವಸ್ಥೆಯಲ್ಲಿ ಮೊದಲ ಸಲ ಬರುವವರ ಮುಖದ ಫೋಟೊ ತೆಗೆಯುತ್ತಾರೆ, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡುತ್ತಾರೆ, ಸಾಲು ನಿಧಾನ. ಜರ್ಮನಿಯಲ್ಲಿ ವಿಮಾನ ಬದಲಿಸುವುದಾದರೆ ಎರಡೂವರೆ ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಬೇಡ. ಪೇಡಾ, ತುಪ್ಪ, ಕರಿಬೇವು, ಮಾವಿನಹಣ್ಣು ಕಟ್ಟಿಕೊಳ್ಳಬೇಡಿ: ಹಾಲಿನ ಪದಾರ್ಥ ನಿಷಿದ್ಧ, ಹಸಿ ಸೊಪ್ಪು ಮತ್ತು ಇಂಥ ಹಣ್ಣಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಒಣ ಅವಲಕ್ಕಿಗೆ ತೊಂದರೆಯಿಲ್ಲ.

ವಿಮಾನ ನಿಲ್ದಾಣದಿಂದ ಹಸಿರು ಬಣ್ಣದ ಕ್ಯಾಟ್ ರೈಲು 16 ನಿಮಿಷದಲ್ಲಿ ಊರೊಳಗೆ ಬಿಡುತ್ತದೆ, ಆದರೆ ದುಬಾರಿ. ಎಸ್7 ಲೋಕಲ್ ರೈಲೇ ಸಾಕು. ಪ್ರಾಟರ್‌ಸ್ಟೆರ್ನ್‌ನಲ್ಲಿ ಇಳಿದು ಕೆಂಪು ಬಣ್ಣದ ಯು1 ಮೆಟ್ರೊ, ಲಿಯೋಪೋಲ್ಡಾವ್ ದಿಕ್ಕಿನದು, ಹಿಡಿದರೆ ಮೂರನೆಯ ನಿಲ್ದಾಣ ಕೈಸರ್‌ಮ್ಯೂಲೆನ್. ಆಸ್ಟ್ರಿಯಾ ಸೆಂಟರ್ ಅಲ್ಲೇ ಪಕ್ಕ. ಹಳಿಗಳ ದುರಸ್ತಿಗೆ ಮಾರ್ಗ ಬದಲಾಗುವುದುಂಟು, ಹೊರಡುವ ದಿನ ಆಸ್ಟ್ರಿಯಾ ರೈಲ್ವೆಯ ಓಬಿಬಿ ಆ್ಯಪ್ ನೋಡಿಕೊಳ್ಳಿ. ಹೋಟೆಲನ್ನು ಯು1 ಮಾರ್ಗದಲ್ಲೇ ಹುಡುಕಿ, ಕಾಗ್ರಾನ್ ಅಥವಾ ಕೆಪ್ಲರ್‌ಪ್ಲಾಟ್ಸ್ ಕಡೆ. ಮೆಟ್ರೊಗೆ ನಮ್ಮಲ್ಲಿಯಂತೆ ಗೇಟು ಇಲ್ಲ. ಕಾಗದದ ಟಿಕೆಟನ್ನು ಒಳಹೋಗುವ ದಾರಿಯ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ 100 ಯೂರೋ ಮೀರಿದ ದಂಡ ಬೀಳುತ್ತದೆ.

ಭಾನುವಾರ ಇಳಿಯುವವರು ಗಮನಿಸಿ: ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಪ್ರಾಟರ್‌ಸ್ಟೆರ್ನ್, ವೀನ್ ಮಿಟ್ಟೆಯಂಥ ದೊಡ್ಡ ನಿಲ್ದಾಣಗಳೊಳಗಿನ ಅಂಗಡಿ ತೆರೆದಿರುತ್ತದೆ, ಬ್ರೆಡ್ಡು ಮೊಸರು ಅಲ್ಲೇ ಕೊಳ್ಳಿ. ನೀರು ಕೊಳ್ಳಬೇಕಿಲ್ಲ, ಆಲ್ಪ್ಸ್ ಬುಗ್ಗೆಗಳ ನೀರು ನಲ್ಲಿಯಲ್ಲೇ ಬರುತ್ತದೆ. ಸಸ್ಯಾಹಾರಿಗಳು ಫ್ರಿಟಾಟೆನ್ ಸೂಪ್ ಬಗ್ಗೆ ಎಚ್ಚರ: ಮೇಲೆ ತೇಲುವುದು ದೋಸೆ ಸೀಳಿದಂಥ ಎಳೆಗಳು, ಕೆಳಗಿರುವುದು ದನದ ಮಾಂಸ ಕುದಿಸಿದ ನೀರು. ಚೀಸ್ ಹಾಕಿದ ಕೇಸ್‌ಷ್ಪೆಟ್ಸ್ಲೆ ಕೇಳುವಾಗಲೂ 'ಓನೆ ಷ್ಪೆಕ್', ಅಂದರೆ ಹಂದಿಮಾಂಸ ಬೇಡ ಎಂದು ಸೇರಿಸಿ.

ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಕೂರುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಕಾರ್ಡಿನ ವಿದೇಶಿ ಬಳಕೆಯನ್ನು ಊರಲ್ಲೇ ಆನ್ ಮಾಡಿಸಿ. ಎಟಿಎಂ 'ರೂಪಾಯಿಯಲ್ಲಿ ಕಡಿತ ಮಾಡಲೇ' ಎಂದು ಕೇಳಿದರೆ ಬೇಡವೆಂದು ಯೂರೋ ಒತ್ತಿ. ರೂಪಾಯಿ ಒತ್ತಿದರೆ ದರ ಅವರಿಟ್ಟದ್ದೇ. ತುರ್ತಿಗೆ 112.

ಅನುದಾನದಲ್ಲಿ ಹೋಗುವವರು ಬೋರ್ಡಿಂಗ್ ಪಾಸ್ ಒಂದನ್ನೂ ಎಸೆಯಬೇಡಿ, ಮೊಬೈಲಿನಲ್ಲಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸರ್ಕಾರಿ ಹಣವಾದರೆ ಟಿಕೆಟನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಅಥವಾ ಐಆರ್‌ಸಿಟಿಸಿಯಲ್ಲೇ ಮಾಡಿಸಬೇಕೇ ಎಂದು ಬುಕ್ ಮಾಡುವ ಮುಂಚೆ ಅಕೌಂಟ್ಸ್ ವಿಭಾಗವನ್ನು ಕೇಳಿ. ಹಾಜರಿ ಪ್ರಮಾಣಪತ್ರವನ್ನೂ ಮರೆಯದೆ ಪಡೆದುಕೊಳ್ಳಿ; ಬಿಲ್ಲು ಪಾಸಾಗುವುದಕ್ಕೆ ಬೋರ್ಡಿಂಗ್ ಪಾಸ್, ಈ ಪ್ರಮಾಣಪತ್ರ ಎರಡನ್ನೂ ಕೇಳುತ್ತಾರೆ.