ದಾರಿ ತೋರಿಸುವ ನಾಯಿ ಜೊತೆಗಿದ್ದಾಗ: ಬ್ಯಾಂಕು, ಬಸ್ಸು, ಬಾಡಿಗೆ ಮನೆಯಲ್ಲಿ ಕಾನೂನು ಹೇಳುವುದೇನು

ಸಹಾಯಕ ನಾಯಿಯನ್ನು ಒಳಗೆ ಬಿಡಲೇಬೇಕು ಎಂದು ಯೂಟ್ಯೂಬಿನಲ್ಲಿ ನೋಡಿದ ಅಮೆರಿಕದ ನಿಯಮವನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ನಮ್ಮ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಸಹಾಯಕ ನಾಯಿಯ ಪ್ರಸ್ತಾಪವೇ ಇಲ್ಲ. ಹಕ್ಕು ಇರುವುದು ನಾಯಿಗಲ್ಲ, ನಿಮಗೆ. ವಾದವನ್ನು ಅಲ್ಲಿಂದಲೇ ಶುರು ಮಾಡಬೇಕು.

ವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುತ್ತದೆ ಸೆಕ್ಷನ್ 3. ಅಗತ್ಯವಾದ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಸೆಕ್ಷನ್ 2ರ ವ್ಯಾಖ್ಯೆ ಸೇರಿಸುತ್ತದೆ. ಬ್ಯಾಂಕು, ಆಸ್ಪತ್ರೆ, ಅಂಗಡಿ, ಬಸ್ ನಿಲ್ದಾಣ, ಗುಡಿ, ದರ್ಗಾ, ಗುರುದ್ವಾರ ಎಲ್ಲವೂ ಈ ಕಾಯ್ದೆಯ ‘ಸಾರ್ವಜನಿಕ ಕಟ್ಟಡ’ಗಳೇ, ಖಾಸಗಿಯವರದ್ದಾದರೂ ಸರಿ. ಆದರೆ ಕೇಳಿದ ಅನುಕೂಲ ಅವರಿಗೆ ಮಿತಿಮೀರಿದ ಹೊರೆಯಾಗಬಾರದು. ಹೋಟೆಲಿನ ಅಡುಗೆ ಮನೆಗೆ, ಐಸಿಯುಗೆ ನಾಯಿ ಬೇಡವೆಂದರೆ ಅದರಲ್ಲಿ ನ್ಯಾಯವಿದೆ. ಊಟದ ಟೇಬಲ್ ಕೆಳಗೆ ಸುಮ್ಮನೆ ಮಲಗುವ ನಾಯಿಯ ಮಾತು ಬೇರೆ.

ಕೈಯಲ್ಲಿ ಮೂರು ಕಾಗದ ಇರಲಿ: ಯುಡಿಐಡಿ ಕಾರ್ಡ್ (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ), ಪಶುವೈದ್ಯರ ಸಹಿ-ಸೀಲು ಇರುವ ರೇಬೀಸ್ ಲಸಿಕೆ ಪುಸ್ತಕ, ನಾಯಿ ಏನು ಕೆಲಸ ಮಾಡುತ್ತದೆ ಎಂದು ತರಬೇತಿ ಕೊಟ್ಟವರು ಬರೆದ ಪತ್ರ. ಯುಡಿಐಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅರ್ಜಿ ತುಂಬಲು ನೆರವಾಗುತ್ತಾರೆ. ‘ಸರ್ವಿಸ್ ಡಾಗ್ ಸರ್ಟಿಫಿಕೇಟ್’ ಎಂದು ಆನ್‌ಲೈನ್‌ನಲ್ಲಿ ಮಾರುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅಂಥ ಸರ್ಕಾರಿ ನೋಂದಣಿಯೇ ಭಾರತದಲ್ಲಿಲ್ಲ.

ಗೇಟಿನಲ್ಲಿ ವಾಚ್‌ಮನ್ “ನಾಯಿ ಒಳಗ ಬಿಡಂಗಿಲ್ರಿ” ಅಂದರೆ ಅವನ ಜೊತೆ ಜಗಳಕ್ಕೆ ಇಳಿಯಬೇಡಿ, ತೀರ್ಮಾನ ಅವನ ಕೈಲಿಲ್ಲ. “ಅಣ್ಣಾ, ನನಗ ಕಣ್ಣು ಕಾಣಂಗಿಲ್ಲ, ಇದು ದಾರಿ ತೋರಸೋ ನಾಯಿ. ಮ್ಯಾನೇಜರ್‌ಗೆ ಒಂಚೂರು ಕರೀರಿ” ಅನ್ನಿ. ಮ್ಯಾನೇಜರೂ ಬೇಡವೆಂದರೆ ಕಾರಣವನ್ನು ಬರೆದುಕೊಡಲು ಕೇಳಿ. ಬರೆಯುವ ಮಾತು ಬಂದಾಗ ಬಹಳಷ್ಟು ಜನ ದಾರಿ ಬಿಡುತ್ತಾರೆ! ಬಿಡದಿದ್ದರೆ ದಿನಾಂಕ, ಸಮಯ, ಅವರ ಹುದ್ದೆ ಬರೆದಿಟ್ಟುಕೊಳ್ಳಿ.

ರೈಲಿನ ನಿಯಮ ಬಿಗಿ. ಸ್ಲೀಪರ್, ಎಸಿ ಟೂ, ಎಸಿ ತ್ರೀ ಬೋಗಿಗಳಲ್ಲಿ ನಾಯಿಗೆ ಅವಕಾಶವಿಲ್ಲ; ಎಸಿ ಫಸ್ಟ್‌ನಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿರಬೇಕು. ಲಸಿಕೆ ಪುಸ್ತಕ ಹಿಡಿದು ಮೊದಲೇ ಸ್ಟೇಶನ್ನಿನ ಪಾರ್ಸೆಲ್ ಆಫೀಸಿಗೆ ಹೋಗಿ ಬುಕ್ ಮಾಡಿಸಿ. ಕೆಕೆಆರ್‌ಟಿಸಿ ಬಸ್ಸಾದರೆ ನಡುದಾರಿಯಲ್ಲಿ ಕೈ ಅಡ್ಡ ಹಾಕುವ ಬದಲು ಬಸ್ ನಿಲ್ದಾಣದಲ್ಲೇ ಕಂಟ್ರೋಲರ್ ಜೊತೆ ಮಾತಾಡಿ ಹತ್ತಿ.

ಅಪಾರ್ಟ್‌ಮೆಂಟ್ ಸಂಘಗಳು ಬಹುಮತದಿಂದ ಠರಾವು ಮಾಡಿದರೂ ನಾಯಿ ನಿಷೇಧಿಸುವಂತಿಲ್ಲ, ಲಿಫ್ಟ್ ತಡೆಯುವಂತಿಲ್ಲ ಎಂಬುದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸೂಚನೆ. ಬಾಡಿಗೆ ಮನೆಯಾದರೆ ಕರಾರು ಪತ್ರದಲ್ಲೇ ನಾಯಿಯ ವಿಷಯ ಬರೆಸಿ.

ಕಟ್ಟಳೆ ನಿಮಗೂ ಇದೆ. ನಾಯಿ ಹಿಡಿತ ತಪ್ಪಿ ಯಾರಿಗಾದರೂ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಸೆಕ್ಷನ್ 291ರ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಗ್ಗ ಮೊಣಕಾಲಿನ ಹತ್ತಿರಕ್ಕೇ ಇರಲಿ, ಅದರಲ್ಲೂ ಬೀದಿ ನಾಯಿಗಳ ಹಿಂಡು ಇರುವ ಮಾಂಸದಂಗಡಿಗಳ ಹತ್ತಿರ. ಏಪ್ರಿಲ್-ಮೇ ಮಧ್ಯಾಹ್ನ ನಮ್ಮ ಕಡೆಯ ಡಾಂಬರು ಪಾದ ಸುಡುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ 7 ಸೆಕೆಂಡು ಹಿಡಿಯಲಾಗದಿದ್ದರೆ ನಾಯಿಯನ್ನು ಇಳಿಸಬೇಡಿ.

ದೂರನ್ನು ಮೊದಲು ಆ ಸಂಸ್ಥೆಯ ಮುಖ್ಯಸ್ಥರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ನಕಲು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಹೋಗಲಿ. ಅಲ್ಲಿಗೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಸ್ಪೀಡ್ ಪೋಸ್ಟ್ ಮಾಡಿ. ಅವರಿಗೆ ಸಿವಿಲ್ ನ್ಯಾಯಾಲಯದಂತೆ ಸಮನ್ಸ್ ಕಳಿಸುವ ಅಧಿಕಾರವಿದೆ. ಕಾಯ್ದೆ ಉಲ್ಲಂಘಿಸಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ. ನಾಲ್ಕು ಜನರ ಮುಂದೆ ಬೇಕೆಂದೇ ಅವಮಾನಿಸಿದ್ದರೆ ಸೆಕ್ಷನ್ 92 ಹೆಸರಿಸಿ ನೇರ ಪೊಲೀಸ್ ಠಾಣೆಗೆ ಹೋಗಿ. ಅಲ್ಲಿ ಶಿಕ್ಷೆ 6 ತಿಂಗಳಿಗೆ ಕಡಿಮೆ ಇಲ್ಲ, 5 ವರ್ಷದವರೆಗೂ ಇದೆ.