ಮುಧೋಳ ಕ್ರಾಸ್ ನಾಯಿನ ಬರೀ ಓಡಿಸಿದ್ರೆ ಸುಸ್ತಾಗಲ್ಲ

ನಮ್ಮ ಭೈರ ಮುಧೋಳಕ್ಕೂ ಲ್ಯಾಬ್ರಡಾರ್‌ಗೂ ಹುಟ್ಟಿದ್ದು, ಈಗ 32 ಕೆಜಿ. ಮೊದಲನೇ ವರ್ಷ ಸೋಫಾ ದಿಂಬು, ನಮ್ಮತ್ತೆ ಚಪ್ಪಲಿ, ವಾಷಿಂಗ್ ಮೆಷಿನ್ ಪೈಪು ಎಲ್ಲಾ ಕಚ್ಚಿ ಹಾಕಿದ್ದ. ನಾನು ಮಾಡಿದ ತಪ್ಪು ಏನಂದ್ರೆ ಸುಸ್ತಾಗ್ಲಿ ಅಂತ ದಿನಾ ಸ್ಕೂಟರ್ ಪಕ್ಕ ಓಡಿಸಿದ್ದು, ಒಂದು ತಿಂಗಳಿಗೆ ಅವನಿಗೆ ಸ್ಟ್ಯಾಮಿನಾ ಬಂತು, ನನಗೆ ಪೆಟ್ರೋಲ್ ಖರ್ಚು ಬಂತು, ತುಂಟಾಟ ಮಾತ್ರ ಹಾಗೇ ಇತ್ತು. ಅದೂ ಅಲ್ದೆ ದೊಡ್ಡ ಜಾತಿ ಮರಿಗಳ ಮೂಳೆ ಬಲಿಯೋಕೆ ಹೆಚ್ಚುಕಮ್ಮಿ 12ರಿಂದ 18 ತಿಂಗಳು ಬೇಕು, ಅಲ್ಲೀವರೆಗೂ ಟಾರ್ ರೋಡಲ್ಲಿ ಹಂಗೆ ಓಡಿಸಲೇಬಾರದು.

ಇವುಗಳ ತಲೆಗೆ ಕೆಲಸ ಕೊಡ್ಬೇಕು. ಬೆಳಿಗ್ಗೆ ಬಿಸಿಲೇರೋ ಮುಂಚೆ ಮುಕ್ಕಾಲು ಗಂಟೆ ವಾಕಿಂಗು, ಅದ್ರಲ್ಲಿ ಅರ್ಧ ಹೊತ್ತು ಎಲ್ಲಿ ಬೇಕೋ ಅಲ್ಲಿ ನಿಂತು ಮೂಸೋಕೆ ಬಿಡಿ, ಎಳೀಬೇಡಿ. ಮನೇಲಿ ಬೇಯಿಸಿದ ಚಿಕನ್ ಚೂರುಗಳನ್ನ ಹಳೇ ಟವಲ್‌ನಲ್ಲಿ ಸುತ್ತಿಡಿ, ಇಲ್ಲಾ ಮೊಟ್ಟೆ ಟ್ರೇಲಿ ಹಾಕಿ ಮೇಲೆ ಪೇಪರ್ ಉಂಡೆ ತುರುಕಿ, ಹುಡುಕಿ ತಿನ್ನಲಿ. ಹತ್ತು ನಿಮಿಷ ಹುಡುಕಿದ್ರೆ ಆಮೇಲೆ ಕಾಲು ಚಾಚಿ ಮಲಗ್ತಾನೆ. ಬಾ, ಕೂರು, ಬಿಡು, ಈ ಮೂರು ಸಾಕು ಶುರುವಿಗೆ, ಆದ್ರೆ ಮನೆಮಂದಿಯೆಲ್ಲಾ ಒಂದೇ ಪದ ಹೇಳ್ಬೇಕು. ನಮ್ಮಮ್ಮ ಕುತ್ಕೋ ಅಂತಿದ್ರು, ಮಗ ಸಿಟ್ ಅಂತಿದ್ದ, ನಾಯಿ ಇಬ್ರ ಮುಖನೂ ನೋಡ್ತಾ ನಿಂತಿರ್ತಿತ್ತು.

ಮುಧೋಳ ಕಣ್ಣಲ್ಲಿ ನೋಡಿ ಬೇಟೆಯಾಡೋ ಜಾತಿ, ಓಡೋದು ಏನಾದ್ರೂ ಕಂಡ್ರೆ ಕಿವಿ ಕೇಳಲ್ಲ. ಬಾ ಅಂದ್ರೆ ಬರ್ತಾನೆ ಅಂತ ನಂಬಿ ತೋಟದಲ್ಲಿ ಬಿಟ್ಟು ಪಕ್ಕದಮನೆಯವರ ಕೋಳಿಗೆ 400 ರೂಪಾಯಿ ಕಟ್ಟಿದ್ದೀನಿ. ಬೇಲಿ ಇಲ್ಲದ ಕಡೆ ಹತ್ತು ಮೀಟರ್ ಉದ್ದದ ಹಗ್ಗ ಕಟ್ಟೇ ಬಿಡಿ, ಅದೂ ಕೊರಳಿಗಲ್ಲ ಎದೆಪಟ್ಟಿಗೆ.

ಊಟ ದಿನಕ್ಕೆರಡು ಸಲ. ನಾವು ಅನ್ನ, ಚಿಕನ್, ಮೊಟ್ಟೆ, ಕುಂಬಳಕಾಯಿ ಬೇಯಿಸಿ ಹಾಕ್ತೀವಿ ಜೊತೆಗೆ ಸ್ವಲ್ಪ ಡಾಗ್ ಫುಡ್ಡು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟ್, ಬೇಯಿಸಿದ ಮೂಳೆ ಬೇಡ್ವೇ ಬೇಡ. ಹಿಂದಿನ ಒಂದೆರಡು ಪಕ್ಕೆಲುಬು ಕಾಣ್ತಿದ್ರೆ ಗಾಬರಿಯಾಗ್ಬೇಡಿ, ಮುಧೋಳದ ಮೈಕಟ್ಟೇ ಅಷ್ಟು, ಬೀದಿಯವರು ಊಟ ಹಾಕಲ್ವಾ ಅಂತ ಕೇಳ್ತಾನೇ ಇರ್ತಾರೆ. ಉಂಡ ಮೇಲೆ ಒಂದು ಗಂಟೆಯಾದ್ರೂ ಓಡಿಸ್ಬೇಡಿ. ಇಂಥ ಆಳ ಎದೆಯ ನಾಯಿಗಳ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋದುಂಟು, ಉಬ್ಬಿದ ಹೊಟ್ಟೆ ಜೊತೆ ವಾಂತಿಗೆ ಒದ್ದಾಡಿದ್ರೂ ಏನೂ ಬರ್ತಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯದೆ ಆಗ್ಲೇ ಡಾಕ್ಟರ್ ಹತ್ರ ಓಡಿ.

ಪಾರ್ವೋ, ಡಿಸ್ಟೆಂಪರ್ ಅನ್ನೋ ನಾಯಿ ರೋಗಗಳ ಲಸಿಕೆ ಆರೆಂಟು ವಾರಕ್ಕೇ ಶುರು, ರೇಬೀಸ್‌ದು ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಬೂಸ್ಟರು. ಉಣ್ಣಿ ಮಾತ್ರ ವಾರಕ್ಕೆರಡು ಸಲ ನೀವೇ ನೋಡಿ, ಕಿವಿ ಒಳಗೆ, ಬೆರಳ ಸಂದೀಲಿ, ಬಾಲದ ಬುಡದಲ್ಲಿ. ಯಾವತ್ತೂ ಕುಣಿಯೋನು ಮಂಕಾಗಿ ಬಟ್ಟಲು ಮೂಸಿ ವಾಪಸ್ ಬಂದ್ರೆ ಉಣ್ಣಿ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.